ಗೋಡೆಯ ಕಿಂಡಿ ಹೇಳುವ ಕಥೆ

ಕಳೆದ ತಿಂಗಳು ಎಂಟನೆಯ ತರಗತಿಯ ಮಕ್ಕಳಿಗೆ ಉಷ್ಣದ ಪಾಠ ಮಾಡುತ್ತಿದ್ದೆ. ಉಷ್ಣವಾಹಕ, ಉಷ್ಣನಿರೋಧಕ ಎಂದು ಹಲಗೆಯ ಮೇಲೆ ಬರೆದು, ಮಣ್ಣಿನ ಮನೆ ಬೇಸಿಗೆಯಲ್ಲಿ ಏಕೆ ತಂಪಾಗಿರುತ್ತದೆ ಎಂದು ವಿವರಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ತಂಪೇನೋ ಇರತೈತ್ರಿ ಸರ್. ಆದ್ರ ನಮ್ಮ ಅಜ್ಜನ ಮನ್ಯಾಗ ಒಂದೂ ಕಿಡಕಿ ಇಲ್ರಿ. ಹಗಲ ಹೊತ್ತಿನ್ಯಾಗೂ ಲೈಟ್ ಹಚ್ಚಬೇಕು. ಮೊದಲಿನ ಮಂದಿಗೆ ಕಿಡಕಿ ಇಡಾಕ ಬರ್ತಿದ್ದಿಲ್ಲೇನ್ರಿ?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಸಂಜೆ ಮನೆಯವರೆಗೂ ನನ್ನ ಜೊತೆ ಬಂದಿತು. ಕಿತ್ತೂರಿನ ಹತ್ತಿರದ ದೇಗಾವಿಯಲ್ಲಿ 12ನೆಯ ಶತಮಾನದಲ್ಲೇ ಕಲ್ಲಿನಲ್ಲಿ ಕಮಲ ಅರಳಿಸಿದ ಜನ ನಮ್ಮವರು. ಅವರಿಗೆ ಮಣ್ಣಿನ ಗೋಡೆಯಲ್ಲಿ ಒಂದು ಕಿಡಕಿ ಇಡಲು ಬರುತ್ತಿರಲಿಲ್ಲವೆಂದರೆ ನಂಬಲಾದೀತೆ? ಬರುತ್ತಿತ್ತು, ಆದರೆ ಬೇಡವಾಗಿತ್ತು. ಏಕೆ ಬೇಡವಾಗಿತ್ತು, ಮುಂದೆ ಏಕೆ ಬೇಕಾಯಿತು ಎಂಬುದನ್ನು ಹುಡುಕಿದರೆ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಜನರ ಮನಸ್ಸು ಹೇಗೆ ಹೇಗೆ ಬದಲಾಗುತ್ತ ಬಂತೆಂಬುದೇ ಕಾಣಿಸುತ್ತದೆ.

ಮೊದಲು ಹುಡುಗಿಯ ಅಜ್ಜನ ಮನೆಯನ್ನೇ ನೋಡೋಣ. ಇಂಥ ಮನೆ ನಮ್ಮ ಸೀಮೆಯ ಪಾಲಕರಿಗೆಲ್ಲ ಗೊತ್ತು. ಎರಡು ಅಡಿ ದಪ್ಪದ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ತಲಬಾಗಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಎತ್ತರದಲ್ಲಿ ಪಡಸಾಲೆ. ಒಳಗೆ ಅಡುಗೆಮನೆ, ಅದಕ್ಕೆ ಹತ್ತಿ ದೇವರ ಕೋಣೆ. ದೇವರ ಕೋಣೆಯ ಬಾಗಿಲು ಎಷ್ಟು ಗಿಡ್ಡವೆಂದರೆ ಮನೆಯ ಯಜಮಾನನೂ ಬಗ್ಗಿಯೇ ಹೋಗಬೇಕು. ಬೆಳಕಿಗೆ ಇದ್ದದ್ದು ಮೇಲ್ಮುದ್ದೆಯಲ್ಲಿ ಬಿಟ್ಟ ಒಂದೆರಡು ಬೆಳಕಿಂಡಿ ಮಾತ್ರ.

ಈ ಮನೆ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಮೊದಲನೆಯದು ಕಳ್ಳರ ಭಯ. 18ನೆಯ ಶತಮಾನದ ಕೊನೆಗೂ 19ನೆಯ ಶತಮಾನದ ಮೊದಲಿಗೂ ಪಿಂಡಾರಿಗಳ ಹಾವಳಿ ಕಂಡ ನಾಡು ಇದು. ಗೋಡೆಗೆ ಕನ್ನ ಹಾಕುವವರು ಇದ್ದ ಕಾಲದಲ್ಲಿ ತಾನಾಗಿಯೇ ಗೋಡೆಯಲ್ಲಿ ತೂತು ಬಿಡಲು ಯಾರು ಒಪ್ಪಿಯಾರು? ಎರಡನೆಯದು ಎತ್ತು. ಎತ್ತು ಹೋದರೆ ಒಕ್ಕಲುತನವೇ ಹೋಯಿತು. ಆದ್ದರಿಂದ ಅದರ ಜಾಗ ಮನೆಯ ಒಳಗೇ, ಯಜಮಾನನ ಕಣ್ಣೆದುರಿಗೇ. ಮೂರನೆಯದು ಬರಗಾಲದ ನೆನಪು. 1876ರಿಂದ 78ರವರೆಗಿನ ದೊಡ್ಡ ಬರ ಮುಂಬೈ ಇಲಾಖೆಯ ನಮ್ಮ ಜಿಲ್ಲೆಗಳನ್ನು ಹಿಂಡಿ ಹಾಕಿತ್ತು. ಅದಕ್ಕೇ ನೆಲದಡಿಯಲ್ಲಿ ಹಗೇವು. ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ.

ಹಗೇವಿನಲ್ಲಿ ಒಂದು ವಿಜ್ಞಾನದ ಪಾಠವೂ ಇದೆ. ಮುಚ್ಚಿದ ಹಗೇವಿನೊಳಗೆ ಕಾಳು ಉಸಿರಾಡಿ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತದೆ. ಆ ಗಾಳಿಯಲ್ಲಿ ನುಸಿ ಬದುಕುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ. ಅದಕ್ಕೇ ಹಿರಿಯರು ಹಗೇವು ತೆರೆದ ಕೂಡಲೇ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಗಾಳಿ ಆಡಿದ ಮೇಲೆ ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿದರೆ ಇನ್ನೂ ತಡೆಯುತ್ತಿದ್ದರು. ಅನಿಲದ ಹೆಸರು ಗೊತ್ತಿರದಿದ್ದರೂ ಅದರ ಗುಣ ಗೊತ್ತಿತ್ತು.

ಹೀಗೆ ಮನುಷ್ಯರ ಮನೆ ಮಣ್ಣಿನದಾಯಿತು. ಕಲ್ಲನ್ನು ಯಾರಿಗೆ ಕೊಟ್ಟರು? ಸವದತ್ತಿಗೆ ಹೋಗಿ ನೋಡಿ. ಅದು ಒಂದು ಕಾಲದಲ್ಲಿ ಸುಗಂಧವರ್ತಿ, ರಟ್ಟರ ರಾಜಧಾನಿ. 13ನೆಯ ಶತಮಾನದ ಮೊದಲಿಗೆ ಅವರು ಬೆಳಗಾವಿಗೆ ಹೋಗುವವರೆಗೆ ಇಲ್ಲಿಂದಲೇ ಆಳಿದರು. ಆ ಅರಸರ ಅರಮನೆಯ ಬದಲು ಇಂದು ನಮಗೆ ಸಿಗುವುದು ಗುಡಿಗಳು ಮತ್ತು ಶಾಸನಗಳು. ಆ ಶಾಸನಗಳಲ್ಲಿ ಬಸದಿಗೆ ಕೊಟ್ಟ ದಾನವೂ ಇದೆ, ಶಿವಾಲಯಕ್ಕೆ ಕೊಟ್ಟ ದಾನವೂ ಇದೆ. ಪಕ್ಕದ ಹೂಲಿಯಲ್ಲಿ ಪಂಚಲಿಂಗೇಶ್ವರ ಗುಡಿ ಇದೆ. ದೇಗಾವಿಯ ಕಮಲನಾರಾಯಣ ಗುಡಿಯನ್ನು ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದಳು. ಕಟ್ಟಿದ ಶಿಲ್ಪಿ ತಿಪ್ಪೋಜ. ಅರಸನಿರಲಿ, ಒಕ್ಕಲಿಗನಿರಲಿ, ಮನುಷ್ಯನ ಬಾಳು ನಾಲ್ಕು ದಿನದ್ದು, ದೇವರದು ಸ್ಥಿರವಾದದ್ದು ಎಂಬ ನಂಬಿಕೆ ಅಂದಿನದು. ಅದಕ್ಕೆ ತಕ್ಕಂತೆ ಉಳಿಯುವ ವಸ್ತು ದೇವರಿಗೆ ಹೋಯಿತು.

ಗುಡಿಯಲ್ಲೂ ಬೆಳಕನ್ನು ಅಳೆದೇ ಬಿಟ್ಟಿದ್ದಾರೆ. ಮುಖಮಂಟಪ ಬಯಲಿನಂತೆ, ನವರಂಗದಲ್ಲಿ ಅರೆ ಬೆಳಕು, ಗರ್ಭಗುಡಿಯಲ್ಲಿ ಕತ್ತಲೆ. ಹೊರಗಿನ ಜಗತ್ತನ್ನು ಹೆಜ್ಜೆ ಹೆಜ್ಜೆಗೆ ಹಿಂದೆ ಬಿಟ್ಟು ಒಂದು ದೀಪದ ಎದುರಿಗೆ ನಿಲ್ಲಬೇಕೆಂಬುದು ಅದರ ಉದ್ದೇಶ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಎಲ್ಲರೂ ಆ ದೀಪದ ತನಕ ಹೋಗುವಂತಿರಲಿಲ್ಲ. ಊರಿನ ಅಗಸಿಯ ಹೊರಗೆ ಕೇರಿ ಕಟ್ಟಿಸಿ ಕೆಲವರನ್ನು ಅಲ್ಲಿಯೇ ನಿಲ್ಲಿಸಿದ್ದೂ ಒಂದು ವಾಸ್ತುವೇ. ಅದೂ ನಂಬಿಕೆಯಿಂದ ಹುಟ್ಟಿದ ಗೋಡೆಯೇ.

ಕಾಲ ಮುಂದೆ ಹೋಯಿತು. ತೋಪು, ಬಂದೂಕುಗಳು ಬಂದವು. ಆಗ ಕಲ್ಲು ಕೋಟೆಗೆ ಹೋಯಿತು. ಸವದತ್ತಿಯ ಕೋಟೆಯನ್ನು 18ನೆಯ ಶತಮಾನದಲ್ಲಿ ಸಿರಸಂಗಿ ದೇಸಾಯಿ ಮನೆತನದ ಜಾಯಪ್ಪ ದೇಸಾಯಿ ಕಟ್ಟಿಸಿದ. ಹತ್ತಿರದಲ್ಲೇ ಪರಸಗಡ. ಅತ್ತ ರಾಮದುರ್ಗ, ನರಗುಂದಗಳಲ್ಲಿ ಭಾವೆ ಮನೆತನದ ಕೋಟೆಗಳು. ಕೋಟೆಯ ಗೋಡೆಯಲ್ಲಿಯೂ ಕಿಂಡಿ ಇರುತ್ತದೆ, ಆದರೆ ಅದು ಬೆಳಕಿಗಲ್ಲ, ಬಂದೂಕಿನ ನಳಿಗೆಗೆ. ಅಂಥ ಕಿಂಡಿ ಒಳಮುಖ ಅಗಲವಾಗಿ, ಹೊರಮುಖ ಕಿರಿದಾಗಿ ಇದ್ದರೆ ಒಳಗಿನವನಿಗೆ ಹೊರಗಿನದು ಹೆಚ್ಚು ಕಾಣುತ್ತದೆ, ಹೊರಗಿನವನಿಗೆ ಒಳಗಿನವನು ಕಾಣುವುದಿಲ್ಲ.

ಈ ಕೋಟೆಗಳ ಸಾಲಿನಲ್ಲೇ ಕಿತ್ತೂರು ಬರುತ್ತದೆ. 1824ರ ಅಕ್ಟೋಬರ್ 23ರಂದು ಇಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು, ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ತೀರಿಕೊಂಡದ್ದು ನಿಮಗೆಲ್ಲ ಬಾಯಿಪಾಠ. ಪ್ರವಾಸಕ್ಕೆ ಹೋದ ಮಕ್ಕಳು ಅಲ್ಲಿ ಖಡ್ಗ ನೋಡುತ್ತಾರೆ, ಬಿದ್ದ ಗೋಡೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಅವರನ್ನು ಮೊದಲು ಕರೆದೊಯ್ಯುವುದು ಅರಮನೆಯ ಗೋಡೆಯಲ್ಲಿರುವ ಒಂದು ಸಣ್ಣ ಕಿಂಡಿಯ ಹತ್ತಿರಕ್ಕೆ. ಕೊಳವೆಯಂತಿರುವ ಆ ಕಿಂಡಿಯಿಂದ ಧ್ರುವ ನಕ್ಷತ್ರವನ್ನು ನೋಡುತ್ತಿದ್ದರು.

ಇದರ ಲೆಕ್ಕ ಸುಲಭ. ಸಮಭಾಜಕ ವೃತ್ತದಲ್ಲಿ ನಿಂತವನಿಗೆ ಧ್ರುವ ನಕ್ಷತ್ರ ದಿಗಂತದಲ್ಲಿ, ಉತ್ತರ ಧ್ರುವದಲ್ಲಿ ನಿಂತವನಿಗೆ ನೆತ್ತಿಯ ಮೇಲೆ. ನಡುವೆ ಎಲ್ಲಿ ನಿಂತರೂ ಆ ಊರಿನ ಅಕ್ಷಾಂಶ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಅದು ಕಾಣುತ್ತದೆ. ಕಿತ್ತೂರಿನ ಅಕ್ಷಾಂಶ ಸುಮಾರು 15.6 ಡಿಗ್ರಿ. ಹಾಗಾದರೆ ಅಲ್ಲಿ ಧ್ರುವನನ್ನು ನೋಡುವ ಕಿಂಡಿ ಉತ್ತರಕ್ಕೆ ಮುಖ ಮಾಡಿ, ಸುಮಾರು ಅಷ್ಟೇ ಡಿಗ್ರಿ ಮೇಲಕ್ಕೆ ಓರೆಯಾಗಿರಬೇಕು. ಇನ್ನೊಂದು ಸ್ವಾರಸ್ಯವೆಂದರೆ, ಧ್ರುವ ನಕ್ಷತ್ರ ನಿಜವಾಗಿ ಕದಲದೆ ನಿಂತದ್ದಲ್ಲ. ಇಂದು ಅದು ಆಕಾಶದ ಉತ್ತರ ಧ್ರುವದಿಂದ ಒಂದು ಡಿಗ್ರಿಗಿಂತ ಕಡಿಮೆ ದೂರದಲ್ಲಿದೆ. 1700ರ ಸುಮಾರಿಗೆ ಎರಡು ಡಿಗ್ರಿಗೂ ಹೆಚ್ಚು ದೂರವಿತ್ತು. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಬುಗುರಿಯಂತೆ ಒಂದು ಸುತ್ತು ತೂಗುವುದೇ ಇದಕ್ಕೆ ಕಾರಣ.

ನಮ್ಮಲ್ಲಿ ಮದುವೆಯ ದಿನ ವಧೂವರರಿಗೆ ಧ್ರುವನನ್ನು ತೋರಿಸುವ ಸಂಪ್ರದಾಯವಿದೆ. ಅರಮನೆಯ ಗೋಡೆಗೆ ಆ ಕಿಂಡಿ ಬಂದದ್ದರ ಹಿಂದೆಯೂ ಅಂಥದೇ ಭಕ್ತಿ ಇದ್ದೀತು. ಆದರೆ ಬರಿಯ ಭಕ್ತಿಯಿಂದ ನಕ್ಷತ್ರ ಕಾಣುವುದಿಲ್ಲ. ದಿಕ್ಕು ಗುರುತಿಸಬೇಕು, ಕೋನ ಹಿಡಿಯಬೇಕು, ರಾತ್ರಿ ನೋಡಿ ತಿದ್ದಬೇಕು. ನಂಬಿಕೆ ಮತ್ತು ಅಳತೆ ಎರಡೂ ಒಂದೇ ಕಿಂಡಿಯಲ್ಲಿ ಕೂಡಿದ್ದನ್ನು ನಾನು ಕಂಡದ್ದು ಅಲ್ಲಿಯೇ.

ಹಾಗಾದರೆ ಸಾಮಾನ್ಯರ ಮನೆಗೆ ಕಿಡಕಿ ಬಂದದ್ದು ಹೇಗೆ? ಅದಕ್ಕೆ ಒಂದು ಕಾರಣ ರೋಗ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಬೇಗನೆ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಹಬ್ಬಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದರೆಂದು ನಮ್ಮ ಅಜ್ಜಿ ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದಳು. ಕತ್ತಲೆ ಮತ್ತು ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ಆಗ ಬಹಳ ಅಧಿಕಾರಿಗಳು ತಿಳಿದಿದ್ದರು. ರೋಗ ಬಂದ ಮನೆಗೆ ಬಿಸಿಲು ಬೀಳಲೆಂದು ಮಾಳಿಗೆಯನ್ನೇ ತೆಗೆಸಿದ್ದುಂಟು. ಆದರೆ ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲೇ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದಿದ್ದ. ಅದನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಇಲಿಯ ಚಿಗಟ ಎಂದು ಸಿಮೋಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ಅಂದರೆ ತಪ್ಪು ಕತ್ತಲೆಯದಲ್ಲ, ಮಣ್ಣಿನ ಗೋಡೆಯ ಬಿಲದಲ್ಲಿದ್ದ, ಕಾಳಿನ ರಾಶಿಯಲ್ಲಿದ್ದ ಇಲಿಯದು. ಆದರೂ ಗಾಳಿ ಬೆಳಕು ಬೇಕೆಂಬ ವಿಚಾರ ಬೇರೂರಿತು. ಕ್ಷಯದಂಥ ರೋಗಕ್ಕೆ ಅದರಿಂದ ನಿಜವಾಗಿಯೂ ಉಪಕಾರವಾಯಿತು. ಕಾರಣ ತಪ್ಪಿದ್ದರೂ ಕೆಲಸ ಸರಿಯಾಗುವುದು ವಿಜ್ಞಾನದ ಇತಿಹಾಸದಲ್ಲಿ ಅಪರೂಪವೇನಲ್ಲ.

ಇನ್ನೊಂದು ಕಾರಣ ಕೆಲಸ. ರಾಮದುರ್ಗದ ಕಡೆಯ ನೇಕಾರರ ಮನೆಯಲ್ಲಿ ಮಗ್ಗವೇ ಮುಖ್ಯ. ಎಳೆ ಕಾಣಬೇಕಾದರೆ ಬೆಳಕು ಬೇಕು. ಎಳೆ ಹರಿಯದಿರಲು ತೇವ ಬೇಕು. ಅದಕ್ಕೇ ನೆಲದಲ್ಲಿ ಕುಣಿ ತೆಗೆದು ಮಗ್ಗ ಹೂಡುತ್ತಿದ್ದರು. ಒಕ್ಕಲಿಗನು ಎತ್ತಿಗೆ ಕೊಟ್ಟ ಮುಂಭಾಗವನ್ನು ನೇಕಾರನು ಮಗ್ಗಕ್ಕೆ ಕೊಟ್ಟ.

ಮೂರನೆಯ ಕಾರಣ ಶಾಲೆ. ಬ್ರಿಟಿಷರ ಕಾಲದ ಹಳೆಯ ಕನ್ನಡ ಶಾಲೆಯ ಕಟ್ಟಡ ನಿಮ್ಮೂರಲ್ಲಿ ಉಳಿದಿದ್ದರೆ ಹೋಗಿ ನೋಡಿ. ಎತ್ತರದ ಮಾಡು, ಮಂಗಳೂರು ಹೆಂಚು, ಉದ್ದನೆಯ ಪಡಸಾಲೆ, ಆಳೆತ್ತರದ ಕಿಡಕಿಗಳು. ಕಿಡಕಿ ಇಲ್ಲದ ಮನೆಯಿಂದ ಬಂದ ಮಗು ಮೊದಲ ಸಲ ಅಷ್ಟು ಬೆಳಕಿನಲ್ಲಿ ಕುಳಿತು ಅಕ್ಷರ ಕಲಿತದ್ದು ಅಲ್ಲಿ. ಸಿರಸಂಗಿ ದೇಸಾಯಿಯವರ ವಾಡೆಯನ್ನು ನೋಡಿದಾಗಲೂ ನನಗೆ ಇದೇ ನೆನಪಾಗುತ್ತದೆ. ದೊಡ್ಡ ವಾಡೆಯ ಒಡೆಯರಾಗಿದ್ದ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಮಕ್ಕಳ ವಿದ್ಯೆಗೆ ಬಿಟ್ಟರು. ಸಂಪತ್ತು ಕೋಟೆ ಕಟ್ಟಲಿಕ್ಕೆ ಎಂಬ ಕಾಲ ಹೋಗಿ, ಸಂಪತ್ತು ಶಾಲೆ ನಡೆಸಲಿಕ್ಕೆ ಎಂಬ ಕಾಲ ಬಂದದ್ದು ಹೀಗೆ.

ಒಮ್ಮೊಮ್ಮೆ ಕಟ್ಟಡ ಹಾಗೆಯೇ ನಿಂತಿದ್ದು ನಂಬಿಕೆ ಮಾತ್ರ ಬದಲಾಗುತ್ತದೆ. ಸವದತ್ತಿ ಎಲ್ಲಮ್ಮನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದ. ಇಂದಿಗೂ ಹುಣ್ಣಿಮೆಗೆ ಗುಡ್ಡ ತುಂಬ ಚಕ್ಕಡಿ, ಟ್ರ್ಯಾಕ್ಟರುಗಳು. ಆದರೆ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ನಮ್ಮ ರಾಜ್ಯ 1982ರ ಕಾನೂನಿನಿಂದ ನಿಷೇಧಿಸಿತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ 1950ರಲ್ಲೇ ತೆಗೆದುಹಾಕಿತು. ಗುಡಿಯ ಕಲ್ಲು ಕದಲಲಿಲ್ಲ, ದೇವಿಯ ಮೇಲಿನ ಭಕ್ತಿಯೂ ಕಡಿಮೆಯಾಗಲಿಲ್ಲ. ಬಿಡಬೇಕಾದದ್ದನ್ನು ಬಿಟ್ಟರೆ ದೇವರೇನೂ ಮುನಿಯುವುದಿಲ್ಲವೆಂದು ಜನ ತಿಳಿದುಕೊಂಡರು.

ಇಷ್ಟು ಊರಿನ ಮಾತು. ಇನ್ನು ನಮ್ಮ ಮನೆಯದನ್ನೂ ಹೇಳಿಬಿಡುತ್ತೇನೆ.

ನಮ್ಮದು ಹನ್ನೆರಡು ಅಂಕಣದ ಮಣ್ಣಿನ ಮನೆ. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ. ಪತ್ರಿಕೆಯಲ್ಲಿ ನಾನು ಬರೆಯುವ ಈ ಅಂಕಣಕ್ಕೂ ಹೆಸರು ಅದೇ. ಅಪ್ಪ ತೀರಿದ ಮೇಲೆ ಅಣ್ಣನಿಗೂ ನನಗೂ ಆರಾರು ಅಂಕಣ ಪಾಲಾಯಿತು. ಆಗ ತಾನೇ ನೌಕರಿ ಕಾಯಂ ಆಗಿತ್ತು. ವಿಜ್ಞಾನ ಓದಿದವನ ಮನೆ ಮಣ್ಣಿನದಿದ್ದರೆ ಹೇಗೆ ಎಂಬ ಹಮ್ಮು ನನಗೆ. 1998ರಲ್ಲಿ ನನ್ನ ಪಾಲನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದೆ. ದೊಡ್ಡ ಕಿಡಕಿ, ಒಳಗೇ ಪಾಯಖಾನೆ, ಅಡುಗೆಗೆ ಕಟ್ಟೆ. ಹಗೇವನ್ನು ಕಲ್ಲು ಮಣ್ಣಿನಿಂದ ಮುಚ್ಚಿಸಿದೆ. ಎತ್ತಿನ ಜಾಗದಲ್ಲಿ ಸ್ಕೂಟರು ನಿಂತಿತು.

ಅವ್ವ ಮೊದಲು ಒಂದು ತಿಂಗಳು ಮನೆಯೊಳಗಿನ ಪಾಯಖಾನೆಗೆ ಹೋಗಲೇ ಇಲ್ಲ. "ದೇವರ ಮನಿ ಇದ್ದಲ್ಲಿ ಇದೇನೋ" ಎಂದಳು. ಮಳೆಗಾಲದ ಒಂದು ರಾತ್ರಿ ಹೊರಗೆ ಜಾರಿ ಬಿದ್ದ ಮೇಲೆ ಆ ಮಾತು ಬಿಟ್ಟಳು. ಆದರೆ ಬೇಸಿಗೆ ಬಂದಾಗ ಮಾತ್ರ ನಾನು ಸೋತೆ. ಸಂಜೆಯಾದರೆ ಅವ್ವ ಹಾಸಿಗೆ ಸುತ್ತಿಕೊಂಡು ಅಣ್ಣನ ಪಾಲಿನ ಹಳೆಯ ಪಡಸಾಲೆಗೆ ಹೋಗುತ್ತಿದ್ದಳು. ನಾನು ಶಾಲೆಯಲ್ಲಿ ಕಲಿಸುವ ಪಾಠವನ್ನು ಅವಳು ಹಾಸಿಗೆ ಎತ್ತಿ ನನಗೆ ಕಲಿಸಿದಳು.

ಪಾಠ ಇಷ್ಟೇ. ಒಂದು ಅಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಲು ಬಿಸಿಲಿನ ಕಾವಿಗೆ ಸುಮಾರು ಎಂಟರಿಂದ ಹತ್ತು ಗಂಟೆ ಬೇಕು. ಎರಡು ಅಡಿಯ ಗೋಡೆಯಾದರೆ ಹಗಲಿನ ಕಾವು ಒಳಗೆ ಮುಟ್ಟುವಷ್ಟರಲ್ಲಿ ಬಹುಮಟ್ಟಿಗೆ ಸತ್ತೇ ಹೋಗಿರುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬನ್ನು ಅದು ಮೂರ್ನಾಲ್ಕು ಗಂಟೆಯಲ್ಲಿ ದಾಟುತ್ತದೆ. ಮಧ್ಯಾಹ್ನ ಕಾದದ್ದು ಸರಿಯಾಗಿ ಮಲಗುವ ಹೊತ್ತಿಗೆ ತಲೆಯ ಮೇಲೆ ಇಳಿಯುತ್ತದೆ. ಅದರಲ್ಲೂ ನಮ್ಮ ಊರುಗಳು 15 ಮತ್ತು 16 ಡಿಗ್ರಿ ಅಕ್ಷಾಂಶದ ನಡುವೆ ಇರುವುದರಿಂದ ಮೇ ತಿಂಗಳ ಮೊದಲ ವಾರದಲ್ಲಿ ನಡುಹಗಲ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗ ಬಿಸಿಲನ್ನು ತಡೆಯಬೇಕಾದದ್ದು ಗೋಡೆಯಲ್ಲ, ಮಾಳಿಗೆ. ಮೇಲ್ಮುದ್ದೆ ಅದನ್ನು ತಡೆಯುತ್ತಿತ್ತು. ನಾನು ಹಾಕಿಸಿದ ಸ್ಲ್ಯಾಬು ತಡೆಯಲಿಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ಹೇಳಲಾರೆ. ಅವ್ವ ಹಳೆಯ ಮನೆಯ ತಂಪನ್ನು ಕೊನೆಯವರೆಗೂ ನೆನೆಯುತ್ತಿದ್ದಳು. ಹಳೆಯ ಅಡುಗೆಮನೆಯನ್ನು ಒಮ್ಮೆಯೂ ನೆನೆಯಲಿಲ್ಲ. ಕಿಡಕಿ ಇಲ್ಲದ ಆ ಕೋಣೆಯಲ್ಲಿ ನಲವತ್ತು ವರ್ಷ ಒಲೆ ಊದಿ ಅವಳ ಕಣ್ಣು ಮಂಜಾಗಿದ್ದವು. ಕಳ್ಳರ ಭಯಕ್ಕೆ ಮುಚ್ಚಿದ ಗೋಡೆಯ ಬೆಲೆಯನ್ನು ಕೊಟ್ಟವರು ಮನೆಯ ಹೆಣ್ಣುಮಕ್ಕಳು.

ಈ ವರ್ಷ ಅಣ್ಣನ ಪಾಲಿನ ಸರದಿ ಬಂತು. ಅವನ ಮಗ ಕೆಡವೋಣವೆಂದ, ಅಣ್ಣ ಬೇಡವೆಂದ. ನಡುವೆ ಬಂಧುಗಳೊಬ್ಬರು ವಾಸ್ತು ನೋಡುವವರನ್ನು ಕರೆತಂದರು. ಅವರು ದಿಕ್ಸೂಚಿ ಹಿಡಿದು ಸುತ್ತಾಡಿ, ತಲಬಾಗಿಲನ್ನು ಮುಚ್ಚಿ ಬೇರೆ ಕಡೆ ತೆಗೆಯಬೇಕು, ಇಲ್ಲದಿದ್ದರೆ ಮನೆಗೆ ಕೇಡು ಎಂದರು. ಏಕೆ ಎಂದು ಕೇಳಿದೆ. ಶಾಸ್ತ್ರ ಎಂದರು. ಗಾಳಿ ಯಾವ ಕಡೆಯಿಂದ ಬರುತ್ತದೆ, ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಎಂದು ಅವರು ಕೇಳಲಿಲ್ಲ. ಆ ಮನೆಯಲ್ಲಿ ನಾಲ್ಕು ತಲೆಮಾರು ಬದುಕಿದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಹಿರಿಯರ ಭಯಕ್ಕೆ ಕಳ್ಳರೆಂಬ ಕಾರಣವಾದರೂ ಇತ್ತು. ಈ ಭಯಕ್ಕೆ ಕಾರಣವೂ ಇಲ್ಲ.

ಕೊನೆಗೆ ದಾರಿ ತೋರಿಸಿದವಳು ಅಣ್ಣನ ಸೊಸೆ. "ಮಾವಾರ, ತಂಪು ಇರಲ್ರಿ. ಆದ್ರ ಕತ್ತಲ ಬ್ಯಾಡ್ರಿ" ಎಂದಳು. ಎರಡೇ ಮಾತು. ಗೌಂಡಿಯನ್ನು ಕರೆಸಿದೆವು. ಗೋಡೆ ಉಳಿಸಿದೆವು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವಂತೆ ಎದುರುಬದುರಾಗಿ ಎರಡು ಕಿಡಕಿ ಕೊರೆಸಿ, ಮೇಲೆ ಗಟ್ಟಿ ಹಾಸುಗಲ್ಲು ಕೊಡಿಸಿದೆವು. ಅಡುಗೆಮನೆಯನ್ನು ಹಿತ್ತಲ ಬದಿಗೆ ತಂದು ದೊಡ್ಡ ಕಿಡಕಿ ಇಟ್ಟೆವು. ಪಾಯಖಾನೆ, ಬಚ್ಚಲು ಹೊಸದಾಗಿ ಕಟ್ಟಿಸಿದೆವು. ತಲಬಾಗಿಲು ಇದ್ದಲ್ಲೇ ಇದೆ. ದೇವರ ಕೋಣೆಯ ಗಿಡ್ಡ ಬಾಗಿಲೂ ಹಾಗೆಯೇ ಇದೆ. ಬಗ್ಗಿ ಹೋಗುವುದರಿಂದ ಯಾರಿಗೂ ನಷ್ಟವಿಲ್ಲವೆಂದು ಅಣ್ಣನ ಮಾತು.

ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೊದಲಿನ ಮಂದಿಗೆ ಕಿಡಕಿ ಇಡಲು ಬರುತ್ತಿತ್ತು, ತಂಗೀ. ಅವರು ತಮ್ಮ ಕಾಲದ ಭಯ, ಭಕ್ತಿ, ಹಸಿವು ನೋಡಿ ಗೋಡೆ ಕಟ್ಟಿದರು. ನಮ್ಮ ಕಾಲದ್ದನ್ನು ನೋಡಿ ನಾವು ಕಟ್ಟಬೇಕು. ಅವರು ಮಾಡಿದ್ದನ್ನು ಏಕೆ ಎಂದು ಕೇಳದೆ ಕೆಡವಿದ್ದು ನನ್ನ ತಪ್ಪು. ಏಕೆ ಎಂದು ಕೇಳದೆ ಹಾಗೆಯೇ ಇಟ್ಟುಕೊಂಡರೂ ತಪ್ಪೇ ಆಗುತ್ತಿತ್ತು.

ವಿದ್ಯಾರ್ಥಿ ಮಿತ್ರರಿಗೆ ಈ ವಾರದ ಕೆಲಸ. ಒಂದು ಮಣ್ಣಿನ ಮನೆ, ಒಂದು ಸ್ಲ್ಯಾಬಿನ ಮನೆ ಆರಿಸಿಕೊಳ್ಳಿ. ಶಾಲೆಯ ಪ್ರಯೋಗಾಲಯದಿಂದ ಉಷ್ಣಮಾಪಕ ಕೇಳಿ ಪಡೆಯಿರಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತಕ್ಕೆ ಎರಡೂ ಕಡೆ ಅಳೆದು ಬರೆದಿಡಿ. ನಾನು ಅಳೆದ ಅಂಕಿಗಳನ್ನು ಬೇಕೆಂದೇ ಇಲ್ಲಿ ಕೊಟ್ಟಿಲ್ಲ, ನಿಮ್ಮವು ನಿಮಗೆ ಸಿಗಲಿ. ಜೊತೆಗೆ ಆ ಮನೆಯ ಹಿರಿಯರನ್ನು ಕೂಡ್ರಿಸಿಕೊಂಡು, ಈ ಗೋಡೆ ಹೀಗೇಕೆ, ಈ ಬಾಗಿಲು ಇಲ್ಲೇಕೆ ಎಂದು ಕೇಳಿ.

ಪಾಲಕರಲ್ಲಿ ಒಂದೇ ವಿನಂತಿ. ಮನೆ ಕೆಡವುವ ಮೊದಲು ಮಕ್ಕಳಿಗೆ ಒಂದು ವಾರ ಬಿಡುವು ಕೊಡಿ. ಅವರು ಅಳೆದು ಬರೆದುಕೊಳ್ಳಲಿ. ಆಮೇಲೆ ಕೆಡವುವುದೋ ಉಳಿಸುವುದೋ ನಿಮಗೆ ಬಿಟ್ಟದ್ದು.